ಗುಡ್ಡ ಕುಸಿತಕ್ಕೂ ನ್ಯೂಟ್ರಿನೊಗೂ ಸಂಬಂಧವಿಲ್ಲ: ಸ್ಪಷ್ಟನೆ

‘ನ್ಯೂಟ್ರಿನೊ ಪ್ರಯೋಗ ಪರಮಾಣು ಬೀಜಗಳನ್ನು ಒಡೆಯುತ್ತದೆ, ಕೊಡಗಿನ ಗುಡ್ಡ ಕುಸಿದದ್ದೂ ಅದರಿಂದಲೇ’ ಎಂಬ ಸಂದೇಶ ಮಡಿಕೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ನ್ಯೂಟ್ರಿನೊ ಎಂದರೆ ಬಹುತೇಕ ಯಾವುದಕ್ಕೂ ತಾಗದೆ ಸಾಗುವ ಅತಿ ಸಣ್ಣ ಕಣ. ಸೂರ್ಯನಿಂದಲೇ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೊ ಬರುತ್ತವೆ. ನಮ್ಮ ಮೈ, ತೋಟ, ಬೆಟ್ಟ ದಾಟಿ ಹೋಗುತ್ತವೆ. ಅಮೆರಿಕದ ಓಕ್ ರಿಡ್ಜ್‌ನಲ್ಲಿ ಕೊಹೆರೆಂಟ್ ತಂಡ ನ್ಯೂಟ್ರಿನೊ ಮೂಲದಿಂದ ಬರೀ 20 ಮೀಟರ್ ದೂರದಲ್ಲಿ 14.6 ಕೆ.ಜಿ. ಸೀಸಿಯಂ ಅಯೋಡೈಡ್ ಹರಳಿಟ್ಟು, ತಿಂಗಳುಗಟ್ಟಲೆ ಕಾದು ಗುರುತಿಸಿದ್ದು ನ್ಯೂಟ್ರಿನೊ ಪರಮಾಣು ಬೀಜಕ್ಕೆ (ಪರಮಾಣುವಿನ ನಡುವಿನ ನ್ಯೂಕ್ಲಿಯಸ್‌ಗೆ) ಬಡಿದ ಸುಮಾರು 134 ಡಿಕ್ಕಿ! ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಆ ಡಿಕ್ಕಿಯಲ್ಲಿ ಬೀಜ ಒಡೆಯುವುದಿಲ್ಲ, ಇಡಿಯಾಗಿ ತುಸು ಸರಿಯುತ್ತದೆ. ಆಗ ಹರಳಿನಲ್ಲಿ ಹುಟ್ಟುವ ಮಿಣುಕು ಬೆಳಕನ್ನಷ್ಟೇ ಅಳೆಯುತ್ತಾರೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದು ವಿಪರೀತ ಮಳೆಗೆ. ಇಳಿಜಾರು ಕಡಿದದ್ದೂ ಜೊತೆಗೂಡಿತ್ತು. ಆ ಚರ್ಚೆ ನಡೆಯಲಿ, ಬೇಕಾದದ್ದೇ. ಈ ಸಂದೇಶವನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.