ಎರಡು ಪುಟದ ಕೈಪಿಡಿ, ಎಂಟು ಮಂದಿ ಸಮಿತಿ

ಮೇಷ್ಟ್ರುಗಳಿಗಾಗಿ ಎರಡೇ ಪುಟದ ಕೈಪಿಡಿ ಬರೆದುಕೊಡಿ ಅಂತ ನನಗೆ ಹೇಳಿದರು. ಶಿಕ್ಷಣ ತಂತ್ರಜ್ಞಾನದ ಸಂಶೋಧನೆಗಳ ಕಿರುಪರಿಚಯ, ಮುಖ್ಯವಾಗಿ ಎಐ, ಅಂದರೆ ಕೃತಕ ಬುದ್ಧಿಮತ್ತೆ ಬಗ್ಗೆ. ಅದನ್ನು ತಿದ್ದೋಕೆ ಎಂಟು ಮಂದಿ ಸಮಿತಿ. ಪುಟಕ್ಕೆ ನಾಲ್ಕು ಜನ.

ಮೊದಲ ಸಾಲು ಸಮಿತಿಯೇ ಕೊಟ್ಟಿತ್ತು: 'ಇಂದಿನ ಆಧುನಿಕ ಯುಗದಲ್ಲಿ...' ಈ ಯುಗಕ್ಕೆ ಆಗಲೇ ನೂರು ದಾಟಿದೆ ಸ್ವಾಮಿ! 1913ರಲ್ಲೇ ಥಾಮಸ್ ಎಡಿಸನ್, ಶಾಲೆಗಳಲ್ಲಿ ಇನ್ನು ಪುಸ್ತಕದ ಕಾಲ ಮುಗೀತು, ಸಿನಿಮಾದಲ್ಲೇ ಎಲ್ಲ ಕಲಿಸಬಹುದು ಅಂದಿದ್ದ. ನಮ್ಮ ಮಕ್ಕಳ ಬ್ಯಾಗು ಎತ್ತಿ ನೋಡಿದರೆ ಆ ಸುದ್ದಿ ಇನ್ನೂ ಇಲ್ಲಿಗೆ ಬಂದಂತಿಲ್ಲ. ಐವತ್ತರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಪಾಠ ಹೇಳುವ ಪೆಟ್ಟಿಗೆ ಮಾಡಿದ. 1975ರಲ್ಲಿ ಅಮೆರಿಕದ ಉಪಗ್ರಹದಿಂದ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೂ ಟೀವಿ ಪಾಠ ಬಂತು. ವರ್ಷ ತುಂಬಿದ್ದೇ ತಡ, ಉಪಗ್ರಹ ಹೊರಟುಹೋಯಿತು.

ಇದನ್ನೆಲ್ಲ ಬರೆದೆ. ಜೊತೆಗೆ ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲಿ ಹೇಳಿದ್ದನ್ನೂ ಸೇರಿಸಿದೆ: ಯಂತ್ರ ಅನ್ನೋದು ದಿನಸಿ ತರುವ ಲಾರಿ ಇದ್ದಹಾಗೆ, ಲಾರಿ ಬದಲಾಯಿಸಿದರೆ ಮೈಗೆ ಪುಷ್ಟಿ ಬರಲ್ಲ.

"ಲಾರಿ ವಿಷಯ ಯಾಕೆ ಸಾರ್? ಅದು ಸಾರಿಗೆ ಇಲಾಖೆಗೆ ಬರುತ್ತೆ" ಅಂದರು ಒಬ್ಬರು. ಹೊಡೆದು ಹಾಕಿದೆ.

ಪೆರು ದೇಶದಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ್ದರು. 2012ರಲ್ಲಿ ಬಂದ ಅಧ್ಯಯನದ ಪ್ರಕಾರ ಲೆಕ್ಕದಲ್ಲೂ ಅಂಕ ಏರಲಿಲ್ಲ, ಭಾಷೆಯಲ್ಲೂ ಏರಲಿಲ್ಲ. ಅದಕ್ಕೂ ಕತ್ತರಿ ಬಿತ್ತು. "ಹೊರದೇಶದ್ದು ಬೇಡ. ಬೇಕಾದ್ರೆ ಫಿನ್‌ಲೆಂಡ್ ಹಾಕಿ."

ಫಿನ್‌ಲೆಂಡ್ ನಮಗೆ ಯಾವಾಗ ಒಳದೇಶವಾಯಿತೋ, ಕೇಳಲಿಲ್ಲ.

ಕೊನೆಗೆ ಗುಮಾಸ್ತರೊಬ್ಬರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. "ಸುಮ್ನೆ ಯಾಕೆ ಕಷ್ಟ ಪಡ್ತೀರಾ ಸಾರ್? ಹಳೇ ಫೈಲ್ ಇದೆ" ಅಂತ ಪೆನ್‌ಡ್ರೈವ್ ಕೊಟ್ಟರು. ಕಂಪ್ಯೂಟರ್ ಬಗ್ಗೆ ಬರೆದಿದ್ದ ಕೈಪಿಡಿ. ಓದುತ್ತಾ ಹೋದರೆ ನಾಲ್ಕನೇ ಪ್ಯಾರಾದಲ್ಲಿ, 'ಕಂಪ್ಯೂಟರ್‌ನ ಆಂಟೆನಾ ಗಾಳಿಗೆ ತಿರುಗದಂತೆ ಬಿಗಿಯಾಗಿ ಕಟ್ಟಿ' ಅಂತಿತ್ತು. ಅಂದರೆ ಅದೂ ಟೀವಿ ಕಾಲದ್ದೇ. ನನಗಿಂತ ಮುಂಚಿನ ಪುಣ್ಯಾತ್ಮರಿಗೂ ಇದೇ ಗುಮಾಸ್ತರು ಸಿಕ್ಕಿರಬೇಕು.

ಈಗ ಬೇಕಾಗಿದ್ದು ಎಐ ಬಗ್ಗೆ ಅಲ್ವಾ? 'ಕಂಪ್ಯೂಟರ್' ಹುಡುಕಿ ಅಲ್ಲೆಲ್ಲ 'ಎಐ' ಹಾಕು ಅಂತ ಒಂದು ಗುಂಡಿ ಒತ್ತಿದೆ. ಎರಡು ನಿಮಿಷದ ಕೆಲಸ. ಕಾಫಿ ಇನ್ನೂ ಬಿಸಿಯಿತ್ತು.

ಸಮಿತಿಗೆ ಬಹಳ ಹಿಡಿಸಿತು. ಏಳು ಸಹಿ ಅಲ್ಲೇ ಬಿತ್ತು. ಎಂಟನೆಯವರು ಮಾತ್ರ ಕನ್ನಡಕ ಏರಿಸಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟರು: 'ರಜೆ ದಿನಗಳಲ್ಲಿ ಎಐಗೆ ಬಟ್ಟೆ ಹೊದಿಸಿ, ಒಳಗೆ ಇಲಿ ಸೇರದಂತೆ ನೋಡಿಕೊಳ್ಳಬೇಕು.'

ಸಿಕ್ಕಿಬಿದ್ದೆ ಅಂದುಕೊಂಡೆ.

"ಸರ್ಕಾರಿ ಕೈಪಿಡಿ ಇದು" ಅಂದರು. "ಇಲಿ ಅಂತೆಲ್ಲ ಬರೀಬಾರದು. ಮೂಷಿಕ ಅಂತ ಮಾಡಿ."