ಕಾಲು ಸೋತ ಕೋಳಿಗೆಲ್ಲ ಹಕ್ಕಿಜ್ವರವಲ್ಲ

ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮೊಬೈಲುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಕೋಳಿ ಕಾಲೂರದೆ ಬಿದ್ದರೆ ಅದು ಹಕ್ಕಿಜ್ವರ, ಕೂಡಲೇ ಕೊಂದು ಹೂಳಿ.’ ಇದು ತಪ್ಪು.

ಹಕ್ಕಿಜ್ವರ ಬಂದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಗೂಡಿನ ಹಲವು ಕೋಳಿಗಳು ಸಾಯುತ್ತವೆ. ಮುಖ ಬಾತು, ಜುಟ್ಟು ನೀಲಿಗಟ್ಟುತ್ತದೆ. ಹಾಗಿದ್ದರೆ ಮುಟ್ಟಬೇಡಿ, ಮೃಗಾಸ್ಪತ್ರೆಗೆ ತಿಳಿಸಿ. ಉಳಿದವೆಲ್ಲ ತೋಟದಲ್ಲಿ ಕೆದಕಿಕೊಂಡು ಆರಾಮವಾಗಿದ್ದು, ಒಂದು ಮಾತ್ರ ಕೂತಲ್ಲೇ ಕೂತಿದ್ದರೆ ಬೇರೆ ಕಾರಣವೇ ಹೆಚ್ಚು.

ಮೊದಲು ಪಾದ ತಿರುಗಿಸಿ ನೋಡಿ. ಅಂಗಾಲಲ್ಲಿ ಕಪ್ಪು ಹಕ್ಕಳೆ, ಬಾವು ಇದ್ದರೆ ಕೀವುಗಂಟು. ಮುಳ್ಳು ಚುಚ್ಚಿದ್ದೂ ಸಾಕು ಅದಕ್ಕೆ. ಮರಿಯ ಬೆರಳುಗಳು ಮುಷ್ಟಿಯಂತೆ ಒಳಕ್ಕೆ ಮಡಚಿದ್ದರೆ ಬಿ2 ಜೀವಸತ್ವದ ಕೊರತೆ ಇರಬಹುದು. ಬೇಗ ಕೊಟ್ಟರೆ ಎದ್ದು ನಡೆಯುತ್ತದೆ, ತಡವಾದರೆ ಕಷ್ಟ. ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಬಿದ್ದಿದ್ದರೆ ಮಾರೆಕ್ಸ್ ರೋಗದ ಸಂಶಯ. 1907ರಲ್ಲಿ ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ ವಿವರಿಸಿದ್ದು ಇದನ್ನೇ. ವೈರಸ್ಸಿನಿಂದ ಬರುವ ಇದಕ್ಕೆ ಮದ್ದಿಲ್ಲ. ಲಸಿಕೆ ಮರಿ ಒಡೆದ ದಿನವೇ ಆಗಬೇಕು. ಆದರೆ ಇದು ಮನುಷ್ಯರಿಗೆ ಹರಡುವುದಿಲ್ಲ.

ವೈದ್ಯರು ನೋಡುವ ತನಕ ಕೋಳಿಯನ್ನು ಬೇರೆ ಬುಟ್ಟಿಯಲ್ಲಿಡಿ. ಬರೀ ಅಡಿಕೆ ಹಾಳೆ ಹಾಸಬೇಡಿ, ಜಾರುತ್ತದೆ. ಗೋಣಿಯ ಮೇಲೆ ಬೈಹುಲ್ಲು ಒಳ್ಳೆಯದು. ನೀರು, ತಿನಿಸು ಕೊಕ್ಕಿಗೆ ಎಟುಕಲಿ. ದಿನಕ್ಕೆ ಮೂರ್ನಾಲ್ಕು ಸಲ ಮಗ್ಗುಲು ಬದಲಿಸಿ, ಅಂಟಿದ ಹಿಕ್ಕೆ ಒರೆಸಿ. ಇಲ್ಲವಾದರೆ ಕಾಲಿಗಿಂತ ಮೊದಲು ಎದೆಮೂಳೆಯ ಹುಣ್ಣೇ ಅದನ್ನು ಸೋಲಿಸುತ್ತದೆ.