ಒಂದು ಅಂಕದ ಆ ಉತ್ತರ

ಬಾಸ್ಟನ್ನಿಗೆ, ಮಗಳ ಮನೆಗೆ ಬಂದು ಎರಡು ತಿಂಗಳಾಯಿತು. ನಿನ್ನೆ ಮೊಮ್ಮಗಳ ಶಾಲೆಯಲ್ಲಿ ನಾಟಕ; ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಬಂದವರ ಕಥೆ. ಕಪ್ಪು ಟೋಪಿ ತೊಟ್ಟ ಮಕ್ಕಳು ರಟ್ಟಿನ ಹಡಗಿನಿಂದಿಳಿದು, "ಇಲ್ಲಿ ಎಲ್ಲರೂ ತಮಗೆ ತೋಚಿದಂತೆ ದೇವರನ್ನು ಪೂಜಿಸಬಹುದು" ಎಂದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಕೈ ಏಳಲಿಲ್ಲ. ಆ "ಎಲ್ಲರೂ" ರಾತ್ರಿಯಿಡೀ ಕಾಡಿತು.

ಎಲ್ಲರೂ ಎಂದರೆ ಯಾರು? ನಾಟಕದ ಹಡಗು 1620ರಲ್ಲಿ ಬಾಸ್ಟನ್ನಿನ ದಕ್ಷಿಣಕ್ಕಿರುವ ಪ್ಲಿಮತ್‌ಗೆ ಬಂದದ್ದು. ಹತ್ತು ವರ್ಷದ ನಂತರ ಬಾಸ್ಟನ್ ಕಟ್ಟಿದ ಪ್ಯೂರಿಟನ್ನರು (ಇಂಗ್ಲೆಂಡಿನ ಚರ್ಚನ್ನು ಶುದ್ಧಗೊಳಿಸಬೇಕೆಂದ ಕ್ರೈಸ್ತರು) ಮರುವರ್ಷವೇ, ಚರ್ಚಿನ ಸದಸ್ಯನಲ್ಲದವನಿಗೆ ಮತದಾನದ ಹಕ್ಕಿಲ್ಲ ಎಂದು ನಿಯಮ ಮಾಡಿದರು. ಮನೆಯಲ್ಲಿ ಜನರನ್ನು ಸೇರಿಸಿ ಪಾದ್ರಿಗಳ ಬೋಧನೆಯನ್ನು ಪ್ರಶ್ನಿಸಿದ ಆನ್ ಹಚಿನ್ಸನ್‌ಳನ್ನು 1637ರಲ್ಲಿ ವಿಚಾರಣೆಗೆ ಎಳೆದು, ಗಡೀಪಾರು ಮಾಡಿದರು. ಚರ್ಚು ಆಕೆಯನ್ನು ಬಹಿಷ್ಕರಿಸಿದ ದಿನ ಜೊತೆಗೆ ಎದ್ದು ನಡೆದವಳು ಮೇರಿ ಡೈಯರ್.

ಈ ಮೇರಿಯನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಮುಂದೆ ಆಕೆ ಕ್ವೇಕರ್ ಆದಳು; ದೇವರ ಬೆಳಕು ಪ್ರತಿಯೊಬ್ಬರೊಳಗೂ ಇದೆ, ನಡುವೆ ಪಾದ್ರಿ ಬೇಡ ಎನ್ನುವ ಕ್ರೈಸ್ತ ಪಂಥವದು. ಗಡೀಪಾರಾದ ಕ್ವೇಕರ್ ಮರಳಿದರೆ ಮರಣದಂಡನೆ ಎಂಬ ಕಾನೂನು ಇಲ್ಲಿತ್ತು. 1659ರಲ್ಲಿ ಅವಳ ಕಣ್ಣೆದುರೇ ಇಬ್ಬರು ಸಂಗಾತಿಗಳನ್ನು ನೇಣಿಗೇರಿಸಿದರು. ಅವಳ ಮಗ ಬೇಡಿಕೊಂಡಿದ್ದರಿಂದ ಕೊನೆಯ ಗಳಿಗೆಯಲ್ಲಿ ಅವಳ ಜೀವ ಉಳಿಯಿತು. ಮರುವರ್ಷ ಆಕೆ ಮತ್ತೆ ಬಂದಳು. ಗಂಡ ಗವರ್ನರ್‌ಗೆ ಪತ್ರ ಬರೆದು ಅಂಗಲಾಚಿದ. 1660ರ ಜೂನ್ 1ರಂದು ಗಲ್ಲಿಗೇರಿಸಿಯೇಬಿಟ್ಟರು. ಇಂಗ್ಲೆಂಡಿನ ಚರ್ಚಿನ ಕಾಟ ತಾಳಲಾರದೆ ಸಮುದ್ರ ದಾಟಿ ಬಂದವರು ಮಾಡಿದ ಕೆಲಸವಿದು!

ದಕ್ಷಿಣದ ವರ್ಜೀನಿಯಾದಲ್ಲಿ ಆಂಗ್ಲಿಕನ್ ಚರ್ಚು, ಅಂದರೆ ಇಂಗ್ಲೆಂಡಿನ ಅದೇ ಅಧಿಕೃತ ಚರ್ಚು; ಪಾದ್ರಿಗೆ ಸಂಬಳವೂ ತಂಬಾಕಿನಲ್ಲೇ. ಆ ತಂಬಾಕಿನ ಹೊಲಕ್ಕೆ ಆಳು ಬೇಕಿತ್ತು. ದೀಕ್ಷಾಸ್ನಾನ ಪಡೆದರೂ ಗುಲಾಮ ಗುಲಾಮನೇ ಎಂದು 1667ರಲ್ಲಿ ಅಲ್ಲಿನ ಶಾಸನಸಭೆ ಕಾನೂನು ಮಾಡಿತು. ದೇವರೆದುರು ಮಂಡಿಯೂರಿ ಎದ್ದವನನ್ನು ಮತ್ತೆ ಅದೇ ಹೊಲಕ್ಕೆ ಅಟ್ಟಿದ ಆ ಕಾನೂನನ್ನು ನಾನು ಕ್ಷಮಿಸಲಾರೆ.

"ಅತ್ತೆ, ಆ ಕಾಲವೇ ಹಾಗಿತ್ತು. ಈಗಿನ ಕಣ್ಣಿನಿಂದ ನೋಡಿದರೆ ಹೇಗೆ?" ಎಂದರು ಅಳಿಯ. ಒಳ್ಳೆಯ ಮನುಷ್ಯ, ಆದರೆ ಈ ಮಾತನ್ನು ಒಪ್ಪಲಾರೆ. ರೋಜರ್ ವಿಲಿಯಮ್ಸ್ ಯಾವ ಕಾಲದವನು? ಮನಸ್ಸಾಕ್ಷಿಯ ಮೇಲೆ ಸರ್ಕಾರಕ್ಕೆ ಅಧಿಕಾರವಿಲ್ಲ ಎಂದ ಆ ಪಾದ್ರಿಯನ್ನೂ ಈ ಪ್ಯೂರಿಟನ್ನರೇ ಹೊರದಬ್ಬಿದರು. 1636ರಲ್ಲಿ ಅವನು ರೋಡ್ ಐಲೆಂಡ್‌ನಲ್ಲಿ ಪ್ರಾವಿಡೆನ್ಸ್ ಊರು ಕಟ್ಟಿದ. ಹಚಿನ್ಸನ್ ಕುಟುಂಬಕ್ಕೂ ಡೈಯರ್ ಕುಟುಂಬಕ್ಕೂ ಆಸರೆಯಾದದ್ದು ಆ ರೋಡ್ ಐಲೆಂಡ್ ಸೀಮೆಯೇ. ಅದೇ ಕಾಲ, ಅದೇ ಬೈಬಲ್, ಬಾಸ್ಟನ್ನಿಗೆ ಕೆಲವೇ ದಿನಗಳ ನಡಿಗೆಯ ದೂರ.

ಮಕ್ಕಳ ಮೇಲೆ ನನಗೆ ಕೋಪವಿಲ್ಲ. ಕೋಪ ಆ ಸಾಲಿನ ಮೇಲೆ. ಇಪ್ಪತ್ತಾರು ವರ್ಷ ಶಿವಮೊಗ್ಗದ ತರಗತಿಯಲ್ಲಿ ಅದನ್ನು ಬರೆಸಿದವಳು ನಾನೇ: "ಪ್ಯೂರಿಟನ್ನರು ಅಮೆರಿಕಕ್ಕೆ ಏಕೆ ಬಂದರು? ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ." ಒಂದು ಅಂಕ. ಗಲ್ಲುಗಂಬದ ವಿಷಯ ಆಗಲೂ ಗೊತ್ತಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟುಬಿಟ್ಟೆ.

ಇಂದು ಬೆಳಿಗ್ಗೆ ಮೊಮ್ಮಗಳನ್ನು ಕರೆದುಕೊಂಡು ಇಲ್ಲಿನ ಶಾಸನಸಭೆಯ ಕಟ್ಟಡವಾದ ಸ್ಟೇಟ್ ಹೌಸ್ ಎದುರಿನ ಮೇರಿಯ ಪ್ರತಿಮೆಯ ಬಳಿಗೆ ಹೋಗಿದ್ದೆ. ಕಥೆಯನ್ನೆಲ್ಲ ಹೇಳಿದೆ. ನನ್ನ ವಿದ್ಯಾರ್ಥಿಗಳು ಹಲವರು ಇದನ್ನು ಓದುತ್ತಿದ್ದೀರಿ. ನಾನು ಬರೆಸಿದ ಉತ್ತರಕ್ಕೆ ಒಂದು ಪದ ಸೇರಿಸಿಕೊಳ್ಳಿ: "ತಮ್ಮ ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ."